ಹೊಟ್ಟೆ ತುಂಬಿದ ಕಾಗೆ

ನಮ್ಮ ಸಾಂತಾಕ್ರೂಜಿನ ಬಿಲ್ಡಿಂಗಿನ ನೋಟಿಸ್ ಬೋರ್ಡಿನಲ್ಲಿ, ನೀರಿನ ಟಾಕಿ ತೊಳೆಯುವ ದಿನದ ಚೀಟಿಯ ಪಕ್ಕಕ್ಕೆ, ಹೋದ ತಿಂಗಳಿಂದ ಇನ್ನೊಂದು ಚೀಟಿ ಅಂಟಿಸಿದ್ದಾರೆ. ಗಾಯಗೊಂಡ ನಾಯಿ, ಬೆಕ್ಕು, ಹಕ್ಕಿ ಏನೇ ಕಂಡರೂ ಮೂರನೇ ಮಾಳಿಗೆಯ ಹುಡುಗಿಗೆ ತಿಳಿಸಬೇಕಂತೆ. ಅವಳು ಫೋನು ಮಾಡುತ್ತಾಳೆ, ಗಾಡಿ ಬರುತ್ತದೆ, ಕರೆದುಕೊಂಡು ಹೋಗುತ್ತದೆ. ಅಷ್ಟೇ ಕೆಲಸ. ಅದನ್ನು ಓದಿದಾಗಲೇ ನನಗೆ ಒಂಥರಾ ಉರಿಯಿತು. ನನಗೆ ಬೇಕಾಗಿದ್ದಾಗ ಈ ಚೀಟಿ ಎಲ್ಲಿ ಹೋಗಿತ್ತು?

ಮೊನ್ನೆ ಲಿಫ್ಟಿನಲ್ಲಿ ಆ ಹುಡುಗಿಯೇ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದಳು. ಪೆಟ್ಟಿಗೆಯ ತೂತುಗಳಿಂದ ಅರಿಶಿನ, ಬೇವಿನೆಣ್ಣೆ, ಒದ್ದೆ ಪುಕ್ಕ ಮೂರೂ ಸೇರಿದ ವಾಸನೆ ಬಂತು. ನನ್ನ ಮಾಳಿಗೆ ಬಂದರೂ ನಾನು ಇಳಿಯಲಿಲ್ಲ. "ಕಾಗೆ ಇದೆ ಆಂಟಿ, ಡರೋ ಮತ್, ಏನೂ ಮಾಡಲ್ಲ" ಎಂದು ಅವಳು ನನಗೆ ಧೈರ್ಯ ಹೇಳಿದಳು. ನನಗೆ ಕಾಗೆಯ ಹೆದರಿಕೆ! ನಗಬೇಕೋ ಬೈಯಬೇಕೋ ತಿಳಿಯದೆ ಸುಮ್ಮನೆ ಅವಳ ಜೊತೆ ಮೇಲಿನವರೆಗೆ ಹೋಗಿ, ಮತ್ತೆ ಮೆಟ್ಟಿಲು ಇಳಿದು ಮನೆಗೆ ಬಂದೆ.

ಐವತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದು ಎರಡನೇ ಮಳೆಗಾಲ. ಗ್ರಾಂಟ್ ರೋಡ್ ಸ್ಟೇಶನ್ನಿನ ಹಿಂದಿನ ಒಂದು ಚಾಳಿನಲ್ಲಿ, ಎರಡನೇ ಮಾಳಿಗೆಯಲ್ಲಿ ನಮ್ಮದೊಂದು ಖೋಲಿ. ಕೆಳಗೆ ಉಡುಪಿ ಹೋಟೆಲು, ಮುಂದೆ ಉದ್ದಕ್ಕೆ ಗ್ಯಾಲರಿ, ಗ್ಯಾಲರಿಯ ತುದಿಗೆ ಎಲ್ಲರಿಗೂ ಸೇರಿ ಒಂದು ನಳ. ನಮ್ಮವರು ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರು. ಒಳ್ಳೆಯವರು, ಆದರೆ ಮನೆಯಲ್ಲಿ ಏನೇ ಗದ್ದಲವಾದರೂ ಪೇಪರು ಮುಖಕ್ಕೆ ಹಿಡಿದುಕೊಂಡು ಕೂತುಬಿಡುವವರು.

ಗೌರಿ ಹಬ್ಬದ ದಿನ ಬೆಳಿಗ್ಗೆ ಮಳೆ ಅಂದರೆ ಮಳೆ, ಜೊತೆಗೆ ಗಾಳಿ. ಹೂರಣಕ್ಕೆ ನೆನೆಸಿದ ಕಡಲೆಬೇಳೆಯ ಮೇಲೆ ಎರಚಲು ಬೀಳುತ್ತದೆಂದು ಓಡಿ ಹೋಗಿ ಕಿಟಕಿಯ ಕದ ಎಳೆದು ಬಡಿದೆ. ಬಡಿದಾಗ ಏನೋ ಮೆತ್ತಗೆ ಸಿಕ್ಕಿದಂತಾಯಿತು. ತೆಗೆದು ನೋಡಿದರೆ ಒಂದು ಕಾಗೆ ಗ್ಯಾಲರಿಯಲ್ಲಿ ಬಿದ್ದಿತ್ತು. ಮಳೆಗೆ ಕಿಟಕಿಯ ಸಂದಿಯಲ್ಲಿ ನಿಂತಿತ್ತೋ ಏನೋ. ಎಡ ರೆಕ್ಕೆ ಜೋತುಬಿದ್ದು ನೆಲ ಗುಡಿಸುತ್ತಿತ್ತು. ಬಾಯಿ ಅಗಲಿಸಿ ನನ್ನನ್ನೇ ನೋಡುತ್ತಿತ್ತು, ಕೂಗಲಿಲ್ಲ. ಬೇರೆ ಯಾರಾದರೂ ಮಾಡಿದ್ದರೆ ಅಯ್ಯೋ ಪಾಪ ಎಂದು ಒಳಗೆ ಹೋಗಿ ಹೂರಣ ರುಬ್ಬುತ್ತಿದ್ದೆ. ಮಾಡಿದವಳು ನಾನೇ. ಹಬ್ಬದ ದಿನ, ನನ್ನ ಕೈಯಿಂದಲೇ.

ಹಳೆಯ ಧೋತರದ ಚೂರಿನಲ್ಲಿ ಸುತ್ತಿ ಅದನ್ನು ಒಳಗೆ ತಂದೆ. ಐದು ನಿಮಿಷವೂ ಆಗಿರಲಿಲ್ಲ, ಪಕ್ಕದ ಖೋಲಿಯ ಗಂಗಾಬಾಯಿ ಬಂದರು. ಬೆಳಗಾವಿಯ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಚಾಳಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

"ಮನ್ಯಾಗ ಕಾಗಿ ತಂದೀಯಲ್ಲs ಸುಶೀಲಾ, ಅದೂ ಗೌರಿ ದಿನ. ನಿನಗೇನ ಬುದ್ಧಿ ಐತೋ ಇಲ್ಲೋ?" ಎಂದರು.

ಶನಿಯ ವಾಹನ, ಮನೆಯೊಳಗೆ ಬಂದರೆ ಮೂರು ತಿಂಗಳು ಮನೆ ಬಿಡಬೇಕು ಎಂದರು. ಮುಂಬಯಿಯಲ್ಲಿ ಒಂದು ಖೋಲಿ ಸಿಗುವುದೇ ಪೂರ್ವಜನ್ಮದ ಪುಣ್ಯ, ಬಿಟ್ಟು ಎಲ್ಲಿಗೆ ಹೋಗಲಿ ಎಂದು ಕೇಳಿದೆ. ಅವರು ಸಂಜೆಯೊಳಗೆ ಇಡೀ ಗ್ಯಾಲರಿಗೆ ಸುದ್ದಿ ಮುಟ್ಟಿಸಿದರು. ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಬುದ್ಧಿ ಹೇಳಿ ಹೋದರು. ನಮ್ಮವರು ಪೇಪರಿನ ಪುಟ ತಿರುಗಿಸಿದರು.

ಸಹಾಯಕ್ಕೆ ಬಂದವರು ಒಬ್ಬರೇ, ಕೆಳಗಿನ ಹೋಟೆಲಿನ ಅಡಿಗೆಯ ವಾಸುದೇವ ಭಟ್ಟರು. ಉಡುಪಿಯ ಹತ್ತಿರದ ಊರು. ಐವತ್ತರ ಆಸುಪಾಸು, ಒಂಟಿ ಮನುಷ್ಯ, ಹೋಟೆಲಿನ ಅಟ್ಟದ ಮೇಲೆಯೇ ವಾಸ. ವನಸ್ಪತಿ ಡಬ್ಬಗಳು ಬರುವ ಕಟ್ಟಿಗೆಯ ಖೋಕಾ ಒಂದನ್ನು ಹೊತ್ತು ತಂದು ನಮ್ಮ ಗ್ಯಾಲರಿಯ ಮೂಲೆಯಲ್ಲಿಟ್ಟು, ತಳಕ್ಕೆ ಗೋಣಿ ಹಾಸಿಕೊಟ್ಟರು. ಪರೇಲಿನ ಕಡೆ ಪ್ರಾಣಿಗಳ ಆಸ್ಪತ್ರೆಯೊಂದು ಉಂಟು, ಅಲ್ಲಿ ಹಕ್ಕಿಗಳನ್ನೂ ನೋಡುತ್ತಾರೆ ಎಂದು ಹೇಳಿದ್ದೂ ಅವರೇ.

ಮರುದಿನ ಗಣಪತಿ. ಪೂಜೆ ಮುಗಿಸಿ, ಅದರ ಮರುದಿನ ಬುಟ್ಟಿಯಲ್ಲಿ ಕಾಗೆ ಇಟ್ಟುಕೊಂಡು ಹೊರಟೆ. ಚಾಳಿನ ಬಾಗಿಲು ದಾಟಿದ್ದೇ ತಡ, ಗ್ರಾಂಟ್ ರೋಡಿನ ಕಾಗೆಗಳೆಲ್ಲ ನನ್ನ ತಲೆಯ ಮೇಲೆ. ತಮ್ಮವನನ್ನು ನಾನು ಹಿಡಿದುಕೊಂಡು ಹೋಗುತ್ತಿದ್ದೇನೆಂದು ಅವುಗಳ ಸಿಟ್ಟು. ಆಸ್ಪತ್ರೆಗೆ ಒಯ್ಯುತ್ತಿದ್ದೇನೆಂದು ಅವಕ್ಕೆ ಯಾರು ತಿಳಿಸಿ ಹೇಳಬೇಕು? ಟ್ರಾಮಿನ ಸ್ಟಾಪಿಗೆ ಮುಟ್ಟುವಷ್ಟರಲ್ಲಿ ಮೂರು ಸಲ ತಲೆಗೆ ಬಡಿದವು. ಟ್ರಾಮಿನಲ್ಲಿ ಕಂಡಕ್ಟರು ಬುಟ್ಟಿಯಲ್ಲಿ ಏನು ಎಂದ. ಕೋಳಿ ಎಂದೆ. ಅಷ್ಟರಲ್ಲಿ ಒಳಗಿದ್ದ ಮಹಾರಾಯ ಮೂರು ದಿನದಿಂದ ಬಾಯಿ ತೆಗೆಯದವನು ಕಾ ಎಂದ. ಮುಂದಿನ ಸ್ಟಾಪಿನಲ್ಲಿ ಇಳಿಸಿಬಿಟ್ಟರು. ಉಳಿದ ದಾರಿ ನಡೆದೆ.

ಆಸ್ಪತ್ರೆಯ ಡಾಕ್ಟರು ವಯಸ್ಸಾದ ಪಾರ್ಸಿ. ಕಾಗೆಯನ್ನು ನೋಡಿ ನಗಲಿಲ್ಲ, ನನ್ನನ್ನೂ ನೋಡಿ ನಗಲಿಲ್ಲ. ಅಷ್ಟಕ್ಕೇ ನನಗೆ ಅಳು ಬಂತು. ರೆಕ್ಕೆಯನ್ನು ಮಡಚಿ ಮೈಗೆ ಸೇರಿಸಿ ಪಟ್ಟಿ ಕಟ್ಟಿದರು. ಗಾಯಕ್ಕೆ ದಿನಾ ಅರಿಶಿನ, ಬೇವಿನೆಣ್ಣೆ ಹಚ್ಚು ಎಂದರು. ಮೂಳೆ ಕೂಡಲು ಪೆಟ್ಟಾದ ದಿನದಿಂದ ಮೂರು ವಾರ ಬೇಕು, ಮೂರು ವಾರವಾದ ದಿನ ಪಟ್ಟಿ ಬಿಚ್ಚಲೇಬೇಕು, ತಡ ಮಾಡಿದರೆ ಕೀಲು ಹಿಡಿದು ರೆಕ್ಕೆ ಜನ್ಮಪೂರ್ತಿ ಜೋತುಬೀಳುತ್ತದೆ ಎಂದು ನನ್ನ ಹರಕು ಹಿಂದಿಗೆ ತಿಳಿಯುವಂತೆ ಎರಡೆರಡು ಸಲ ಹೇಳಿದರು. ತಿನ್ನಲು ಬೇಯಿಸಿದ ತತ್ತಿ ಕೊಡಬೇಕಂತೆ. ವೈಷ್ಣವರ ಮನೆ! ಮೂಲೆಯ ಇರಾನಿ ಚಹಾದಂಗಡಿಯಲ್ಲಿ ಬೇಯಿಸಿದ್ದನ್ನು ಕೊಂಡು, ಪೇಪರಿನಲ್ಲಿ ಸುತ್ತಿ, ಸೆರಗಿನೊಳಗೆ ತರುತ್ತಿದ್ದೆ. ನಮ್ಮವರು ಓದಿ ಮುಗಿಸಿದ ಪೇಪರೇ ಅದಕ್ಕೆ ಉಪಯೋಗವಾಯಿತು.

ಇಷ್ಟಾದರೂ ಒಂದು ದಾರಿಗೆ ಬಂತು ಅಂದುಕೊಳ್ಳುವಷ್ಟರಲ್ಲಿ, ಐದಾರು ದಿನದ ಮೇಲೆ, ನಾನು ನಳದ ಹತ್ತಿರ ಕೊಡಕ್ಕಾಗಿ ಜಗಳ ಮಾಡುತ್ತಿರುವಾಗ, ಮೆಟ್ಟಿಲ ಮೇಲೆ ನಮ್ಮ ಅಣ್ಣ ಕಂಡ. ಧಾರವಾಡದ ಅಣ್ಣ. ಕಣ್ಣು ಕೆಂಪಗೆ, ಗಡ್ಡ ಬೆಳೆದು, ಕೈಯಲ್ಲಿ ಒಂದು ಚೀಲ. ನನ್ನನ್ನು ನೋಡಿದವನೇ ಗೋಡೆ ಹಿಡಿದು ಅಲ್ಲೇ ಕೂತ.

"ಸುಶೀ, ನೀ ಸತ್ತೀಯಂತಲ್ಲs" ಎಂದ.

ಆದದ್ದು ಇಷ್ಟು. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ, ಅದರ ದೋಷ ಕಳೆಯಬೇಕಾದರೆ ಸತ್ತಳೆಂದು ತವರಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ಅತ್ತರೆ ದೋಷ ಹರಿಯಿತು, ಆಮೇಲೆ ಸುಳ್ಳೆಂದು ತಿಳಿಸಬೇಕು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿಯೇ. ಮೂರು ಸಲ ಮುಟ್ಟಿದ್ದನ್ನು ಗ್ಯಾಲರಿಯಿಂದ ನೋಡಿದ್ದ ಗಂಗಾಬಾಯಿ ನನ್ನ ಜೀವ ಉಳಿಸಲು, ನನಗೆ ಒಂದು ಮಾತು ಹೇಳದೆ, ಸಾವಿನ ಸುದ್ದಿಯ ಗುರುತಿಗೆ ಮೂಲೆ ಹರಿದ ಕಾರ್ಡು ಧಾರವಾಡಕ್ಕೆ ಹಾಕಿಬಿಟ್ಟಿದ್ದರು. ಸುಳ್ಳೆಂದು ತಿಳಿಸುವ ಎರಡನೇ ಕಾರ್ಡನ್ನೂ ಅಂದೇ ಬರೆದು, ಮರುದಿನ ಡಬ್ಬಿಗೆ ಹಾಕಿರೆಂದು ಗಂಡನ ಕೈಗೆ ಕೊಟ್ಟಿದ್ದರು. ಅದು ಅವರ ಕೋಟಿನ ಕಿಸೆಯಲ್ಲಿ ಹಾಯಾಗಿ ಕೂತಿತ್ತು. ಧಾರವಾಡದಲ್ಲಿ ಅವ್ವ ಮೂರು ದಿನ ಅನ್ನ ಮುಟ್ಟಿರಲಿಲ್ಲ.

ನಾನು ಗಂಗಾಬಾಯಿಯ ಜೊತೆ ಎಂದೂ ಆಡದ ಮಾತು ಅಂದು ಆಡಿದೆ. ಅವರು ನೊಂದುಕೊಳ್ಳಲೇ ಇಲ್ಲ. "ಅತ್ತಾರಿಲ್ಲೋ? ಅತ್ತಾರಂದ್ರ ನಿನ್ನ ಆಯುಷ್ಯ ಗಟ್ಟಿ ಆತು ಬಿಡು" ಎಂದು ಅಣ್ಣನಿಗೆ ಚಹಾ ಮಾಡಿಕೊಟ್ಟರು. ಅಣ್ಣ ನಾನು ಬದುಕಿದ್ದೇನೆಂದು ಧಾರವಾಡಕ್ಕೆ ತಾರು ಕೊಟ್ಟು ಬಂದು, ಊಟ ಮಾಡಿ, ಖೋಕಾದ ಮುಂದೆ ಕೂತು ಕಾಗೆಯನ್ನು ಬಹಳ ಹೊತ್ತು ನೋಡಿದ. ಮರುದಿನದ ಗಾಡಿಗೆ ಹೋದ.

ಭಟ್ಟರು ಮಾತ್ರ ದಿನಾ ಮಧ್ಯಾಹ್ನ ಮೂರೂವರೆಗೆ, ಹೋಟೆಲಿನ ಊಟದ ಗಿರಾಕಿಗಳೆಲ್ಲ ಹೋದ ಮೇಲೆ, ಮೇಲೆ ಬರುತ್ತಿದ್ದರು. ಅವರು ಕಾಗೆಯನ್ನು ಹಿಡಿದುಕೊಂಡರೆ ನಾನು ಔಷಧ ಹಚ್ಚುತ್ತಿದ್ದೆ. ಅದು ಕುಕ್ಕಿದರೂ ಅವರ ಕೈಗೆ ತಾಗುತ್ತಿರಲಿಲ್ಲ, ಬಿಸಿ ಎಣ್ಣೆ ಸಿಡಿದು ಸಿಡಿದು ಬೆರಳು ಕೊರಡಾಗಿದ್ದವು. ಹೆಚ್ಚು ಮಾತಿಲ್ಲ. ಒಂದು ದಿನ ತಾವಾಗಿಯೇ ಹೇಳಿದರು. ಅವರ ತಾಯಿ ಐದು ವರ್ಷದ ಹಿಂದೆ ಊರಿನಲ್ಲಿ ತೀರಿಕೊಂಡಿದ್ದರು. ಮಳೆಗಾಲ, ಹಡಗು ಬಂದ್. ರೈಲು, ಬಸ್ಸು, ದೋಣಿ ಎಂದು ಸುತ್ತಿ ಇವರು ಮುಟ್ಟುವಷ್ಟರಲ್ಲಿ ತಮ್ಮನೇ ಕೊಳ್ಳಿ ಇಟ್ಟು ನಾಲ್ಕು ದಿನವಾಗಿತ್ತು. ಅಂದಿನಿಂದ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಚಾಳಿನ ಗಚ್ಚಿಯ, ಅಂದರೆ ತಾರಸಿಯ, ಮೇಲೆ ಪಿಂಡ ಇಡುತ್ತಾರೆ. ಒಂದು ವರ್ಷವೂ ಕಾಗೆ ಮುಟ್ಟಿಲ್ಲ. ಕತ್ತಲಾಗುವವರೆಗೆ ಕಾದು, ದರ್ಭೆಯ ಕಾಗೆ ಮಾಡಿ ಮುಟ್ಟಿಸಿ, ಇಳಿದು ಬಂದು ರಾತ್ರಿಯ ದೋಸೆಗೆ ಒಲೆ ಹೊತ್ತಿಸುತ್ತಾರೆ. ಅಮ್ಮನಿಗೆ ನನ್ನ ಮೇಲೆ ಸಿಟ್ಟು ಉಂಟು, ಎಂದರು. ನಾನು ಬೇವಿನೆಣ್ಣೆಯ ಬಾಟಲಿಗೆ ಬಿರಡೆ ಹಾಕಿದೆ.

ಅಷ್ಟರಲ್ಲಿ ಪಕ್ಷಮಾಸ ಬಂತು ನೋಡಿ. ಚಾಳಿನ ಪ್ರತಿ ಮನೆಯಲ್ಲೂ ಒಂದೊಂದು ತಿಥಿ. ಎಡೆಯನ್ನು ಗ್ಯಾಲರಿಯ ಕಟ್ಟೆಯ ಮೇಲಿಟ್ಟು ಕಾಗೆ ಮುಟ್ಟುವವರೆಗೆ ಕಾಯಬೇಕು. ಅದು ಮುಟ್ಟುವವರೆಗೆ ಮನೆಯವರು ಊಟ ಮಾಡುವಂತಿಲ್ಲ. ಮೊದಲ ದಿನವೇ ಗಂಗಾಬಾಯಿ ಬಂದರು, ಈ ಸಲ ಹೊಸ್ತಿಲು ದಾಟಿ ಒಳಗೇ ಬಂದರು. ಅವರ ಮಾವನವರ ತಿಥಿಯಂತೆ, ಎಡೆ ಇಟ್ಟು ಒಂದು ತಾಸಾಯಿತಂತೆ, ಸ್ವಲ್ಪ ನಮ್ಮ ಕಾಗೆಯನ್ನು ಕೊಡಬೇಕಂತೆ. ನಮ್ಮ ಕಾಗೆ! ಮೂರು ತಿಂಗಳು ಮನೆ ಬಿಡಿಸುವ ಶನಿ ಎರಡೇ ವಾರದಲ್ಲಿ ನಮ್ಮ ಕಾಗೆಯಾಗಿತ್ತು. ಅದಕ್ಕೆ ಹಾರಲು ಬರುವುದಿಲ್ಲ, ಮುಂದೆ ಇಟ್ಟದ್ದನ್ನು ತಿನ್ನುತ್ತದೆ, ಕಾಯುವ ಕೆಲಸವೇ ಇಲ್ಲ.

ಆಮೇಲೆ ಕೇಳಬೇಡಿ. ಖೋಕಾ ಈ ಮನೆಯಿಂದ ಆ ಮನೆಗೆ ಓಡಾಡಿತು. ಒಂದು ದಿನ ಮೂರು ಮನೆಯ ವಡೆ, ಇನ್ನೊಂದು ದಿನ ಎರಡು ಮನೆಯ ಖೀರು. ನಾನು ಬೇಡವೆಂದರೆ, ಸತ್ತ ಹಿರಿಯರ ಬಾಯಿಗೆ ಅಡ್ಡ ಬಂದೆ ಎಂಬ ಮಾತು. ಹೊಟ್ಟೆ ಉಬ್ಬಿ ಕೂತ ಕಾಗೆಗೆ ಔಷಧ ಹಚ್ಚುವವಳು ನಾನು.

ನವಮಿಗೆ ಮೂರು ವಾರ ತುಂಬಿತು. ಪಟ್ಟಿ ಬಿಚ್ಚುತ್ತೇನೆಂದು ಬೆಳಿಗ್ಗೆ ಕತ್ತರಿ ತೆಗೆದುಕೊಂಡು ಕೂತರೆ ಬಾಗಿಲಲ್ಲಿ ನಾಲ್ಕು ಹೆಂಗಸರು. ಬಿಚ್ಚಿದರೆ ಹಾರಿಹೋಗುತ್ತದೆ, ನಮ್ಮ ನಮ್ಮ ತಿಥಿ ಇನ್ನೂ ಬಾಕಿ ಇವೆ, ಅಮಾವಾಸ್ಯೆಯವರೆಗೆ ಇರಲಿ ಎಂದರು. ಡಾಕ್ಟರು ಹೇಳಿದ್ದನ್ನು ಹೇಳಿದೆ. ಕಾಗೆಗೊಬ್ಬ ಡಾಕ್ಟರು ಎಂದು ನಕ್ಕರು. ಯಾರಿಗೂ ಕೊಡುವುದಿಲ್ಲ, ಇಂದೇ ಬಿಚ್ಚುತ್ತೇನೆ, ಭಟ್ಟರು ಬಂದು ಹಿಡಿದುಕೊಳ್ಳಲಿ ಎಂದು ಅಷ್ಟೂ ಜನರನ್ನು ಕಳಿಸಿದೆ.

ಮೂರೂವರೆಗೆ ಭಟ್ಟರು ಬಂದರು. ಕಾಗೆಯನ್ನು ಹಿಡಿದುಕೊಂಡರು. ನಾನು ಕತ್ತರಿ ಹಚ್ಚುವಾಗ, ತಲೆ ತಗ್ಗಿಸಿಯೇ ಹೇಳಿದರು.

"ಸುಶೀಲಮ್ಮ, ಒಂದು ಮಾತು ಕೇಳ್ಲಿಕ್ಕುಂಟು. ಅಮಾವಾಸ್ಯೆವರೆಗೆ ಇರಲಿಕ್ಕಾಗ್ತದಾ? ಇದಾದ್ರೂ ಮುಟ್ಟೀತು."

ಇಡೀ ಚಾಳಿಗೆ ಇಲ್ಲ ಎಂದವಳು ಆ ಒಬ್ಬ ಮನುಷ್ಯನಿಗೆ ಇಲ್ಲ ಅನ್ನಲಾರದೆ ಹೋದೆ. ಖೋಕಾ ತಂದವರು, ಕುಕ್ಕಿಸಿಕೊಂಡವರು, ಇದುವರೆಗೆ ಏನೂ ಕೇಳದವರು. ಐದಾರು ದಿನ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಡಾಕ್ಟರು ಎರಡೆರಡು ಸಲ ಹೇಳಿದ್ದು ನೆನಪಿತ್ತು. ನೆನಪಿದ್ದೂ ಕತ್ತರಿ ಕೆಳಗಿಟ್ಟೆ. ಅವರಿಗೊಬ್ಬರಿಗೇ, ಅಮಾವಾಸ್ಯೆಯ ದಿನ ಮಾತ್ರ, ಅದು ಮುಟ್ಟಿದ ಮರುಕ್ಷಣ ಪಟ್ಟಿ ಬಿಚ್ಚುವುದು ಎಂದು ಮಾತಾಯಿತು.

ಅಮಾವಾಸ್ಯೆಯ ದಿನ ಕಾಗೆಗೆ ಬೆಳಿಗ್ಗೆಯಿಂದ ಏನೂ ಕೊಡಲಿಲ್ಲ. ಹಸಿದಿದ್ದರೆ ತಾನೆ ಮುಟ್ಟುವುದು? ಅದು ಖೋಕಾದಲ್ಲಿ ಕೂತು ನನ್ನನ್ನು ಬೈಯುತ್ತಿತ್ತು. ಮಧ್ಯಾಹ್ನ ಇರಾನಿ ಅಂಗಡಿಗೆ ಹೋಗಿ, ಆಮೇಲೆ ಕೊಡಲು ಇರಲಿ ಎಂದು ತತ್ತಿ ಕಟ್ಟಿಸಿಕೊಂಡು ಬಂದೆ. ಹೋಗಿ ಬರುವುದು ಹತ್ತು ನಿಮಿಷದ ದಾರಿ, ಅಂದು ದುಡ್ಡು ಕೊಡುವ ಗಲ್ಲೆಯ ಮುಂದೆ ಜನವಿದ್ದು ಅರ್ಧ ತಾಸಾಯಿತು. ಬಂದು ನೋಡುತ್ತೇನೆ, ಖೋಕಾದ ಮುಂದೆ ಐದು ಎಲೆ. ಅನ್ನ, ವಡೆ, ಖೀರು. ಕಾಗೆ ಕೊಕ್ಕಿನ ಎರಡೂ ಬದಿ ಅನ್ನ ಮೆತ್ತಿಕೊಂಡು ಕಣ್ಣು ಮುಚ್ಚಿ ಕೂತಿತ್ತು.

"ಪಾಪ, ಹಸದು ಒದರ್ಲಿಕ್ಕತ್ತಿತ್ತವಾ" ಎಂದರು ಗಂಗಾಬಾಯಿ.

ಕೈಯಲ್ಲಿದ್ದ ತತ್ತಿಯನ್ನು ಅವರ ಕಾಲ ಬಳಿ ಒಗೆದೆ. ಪೇಪರು ಬಿಚ್ಚಿ ತತ್ತಿ ಗ್ಯಾಲರಿಯ ತುಂಬ ಉರುಳಿತು. ಆಮೇಲೆ ಅದರದೊಂದು ದೊಡ್ಡ ಪುರಾಣವಾಯಿತು, ಬಿಡಿ.

ಮೂರೂವರೆಗೆ ಭಟ್ಟರು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಗಚ್ಚಿಗೆ ಬಂದರು. ನಾನು ಖೋಕಾ ಎತ್ತಿಕೊಂಡು ಹೋದೆ. ಆದದ್ದನ್ನು ಹೇಳುವ ಧೈರ್ಯವಾಗಲಿಲ್ಲ, ಒಂದು ತುತ್ತಾದರೂ ತಿಂದೀತು ಎಂಬ ಆಸೆ. ಅವರು ಎಲೆಯ ಮೇಲೆ ಪಿಂಡ ಇಟ್ಟು, ನೀರು ಬಿಟ್ಟು, ಹಿಂದೆ ಸರಿದು ಕೈ ಮುಗಿದರು. ನಾನು ಕಾಗೆಯನ್ನು ಎಲೆಯ ಮುಂದೆ ಬಿಟ್ಟೆ. ಅದು ಪಿಂಡವನ್ನು ಒಂದು ಕಣ್ಣಿನಿಂದ ನೋಡಿತು. ಇನ್ನೊಂದು ಕಣ್ಣಿನಿಂದ ನೋಡಿತು. ನಾಲ್ಕು ಹೆಜ್ಜೆ ಆಚೆಗೆ ನಡೆದು ಗೋಡೆಯ ನೆರಳಿಗೆ ಕೂತುಬಿಟ್ಟಿತು. ಸುತ್ತಲಿನ ಗಚ್ಚಿಗಳ ಮೇಲೆ ಬೇರೆ ಕಾಗೆಗಳೂ ಇದ್ದವು, ಸಾಲಾಗಿ, ಅಲುಗದೆ.

ಭಟ್ಟರು ಕಾದರು. ತಾಯಿಗೆ ಏನು ಬೇಕಿತ್ತೆಂದು ಒಂದೊಂದಾಗಿ ಕೇಳಿದರು. ತಂಗಿಯ ಮಗಳ ಮದುವೆ ಮಾಡಿಸುತ್ತೇನೆ ಎಂದರು. ಊರಿನ ಮನೆಯ ಬಾವಿ ಕಟ್ಟಿಸುತ್ತೇನೆ ಎಂದರು. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಊರಿಗೆ ಬಂದುಬಿಡುತ್ತೇನೆ, ಮತ್ತೆ ಇಲ್ಲಿಗೆ ಬರುವುದಿಲ್ಲ ಎಂದರು. ನನಗೆ ತಡೆಯಲಾಗಲಿಲ್ಲ. ಸಿಟ್ಟು ಕಾಗೆಯ ಮೇಲೋ, ಚಾಳಿನ ಮೇಲೋ, ಆ ತಾಯಿಯ ಮೇಲೋ, ನನ್ನ ಮೇಲೋ, ಕೂಗಿಯೇಬಿಟ್ಟೆ.

"ನಿಮ್ಮ ತಾಯಿಗೆ ಸಿಟ್ಟೂ ಇಲ್ಲ ಗಿಟ್ಟೂ ಇಲ್ರೀ ಭಟ್ರ. ಅದರ ಹೊಟ್ಟಿ ತುಂಬೇತಿ. ಐದು ಮನೀದು ತಿಂದು ಬಂದೈತಿ ಅದು."

ಅವರು ತಿರುಗಿ ನೋಡಿದರು. ಮೆಲ್ಲಗೆ, "ಐದು ವರ್ಷವೂ ಹೊಟ್ಟೆ ತುಂಬಿತ್ತಾ?" ಎಂದರು.

ಕೇಳಿದಾಗ ನನಗೂ ಆಗಲೇ ಹೊಳೆಯಿತು. ಹೌದಲ್ಲ! ಅಮಾವಾಸ್ಯೆಯ ದಿನ ಚಾಳಿನವರೆಲ್ಲ ಎಡೆ ಇಡುವುದು ಹನ್ನೆರಡರ ಸುಮಾರಿಗೆ. ಒಂದು ಗಂಟೆಯೊಳಗೆ ಗ್ರಾಂಟ್ ರೋಡಿನ ಕಾಗೆಗಳೆಲ್ಲ ಇಡೀ ಬೀದಿಯ ವಡೆ ತಿಂದು ಮುಗಿಸಿರುತ್ತವೆ. ಇವರು ಅಷ್ಟೂ ಗಿರಾಕಿಗಳಿಗೆ ಬಡಿಸಿ, ಬಾಣಲೆ ಇಳಿಸಿ, ಮೂರೂವರೆಗೆ ಬಂದು ಕೈ ಮುಗಿದರೆ ಮುಟ್ಟುವವರು ಯಾರು? ಅದನ್ನೇ ಹೇಳಿದೆ, ಇನ್ನೂ ಕೂಗುತ್ತಲೇ ಹೇಳಿದೆ. ಊರಿಗೆಲ್ಲ ಉಣಿಸಿ ಕಡೆಗೆ ಬರುವವರು ನೀವು, ತಾಯಿಯನ್ನು ಯಾಕೆ ಅನ್ನುತ್ತೀರಿ ಎಂದೆ. ಭಟ್ಟರು ದರ್ಭೆ ತೆಗೆದುಕೊಂಡರು.

ಆಮೇಲೆ ಅವರೇ ಕಾಗೆಯನ್ನು ಹಿಡಿದುಕೊಂಡರು, ನಾನು ಪಟ್ಟಿ ಕತ್ತರಿಸಿದೆ. ಬಲ ರೆಕ್ಕೆ ಪೂರ್ತಿ ಬಿಚ್ಚಿತು. ಎಡದ್ದು ಅರ್ಧಕ್ಕೆ ನಿಂತಿತು. ಗಚ್ಚಿಯ ಗೋಡೆಯ ಮೇಲಿಟ್ಟರೆ, ಒಂದು ಸಲ ಬಡಿದು, ಓರೆಯಾಗಿ ಹೋಟೆಲಿನ ತಗಡಿನ ಮೇಲೆ ಬಿದ್ದಿತು. ಎದ್ದು, ಅಲ್ಲಿಂದ ಎದುರಿನ ಅರಳಿಮರಕ್ಕೆ ಹೇಗೋ ಮುಟ್ಟಿತು. ಎಡ ರೆಕ್ಕೆ ಕೆಳಗೆ ಜೋತಿತ್ತು, ನಾನು ಕಣ್ಣಾರೆ ನೋಡಿದೆ. ಆರು ದಿನ ಮೊದಲೇ ಬಿಚ್ಚಿದ್ದರೆ ಹಾಗಾಗುತ್ತಿರಲಿಲ್ಲ. ಮರುದಿನ ಮರದಲ್ಲಿ ಅದು ಕಾಣಲಿಲ್ಲ. ಬೆಕ್ಕಿನ ಬಾಯಿಗೆ ಬಿತ್ತೋ ಏನೋ ಎಂದು ವರ್ಷವಿಡೀ ನನಗೆ ಸಂಕಟ. ಯಾರಿಗೂ ಹೇಳಲಿಲ್ಲ.

ಗಚ್ಚಿಯ ಮೆಟ್ಟಿಲಲ್ಲಿ ಗಂಗಾಬಾಯಿ ನಿಂತು ಎಲ್ಲ ಕೇಳಿಸಿಕೊಂಡಿದ್ದರೆಂದು ನನಗೆ ಗೊತ್ತಾದದ್ದು ಮುಂದಿನ ವರ್ಷ. ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದು ಹೋಟೆಲಿನ ಮಾಲೀಕರ ಗಲ್ಲೆಯ ಮುಂದೆ ನಿಂತರು. ಅಮಾವಾಸ್ಯೆಯ ದಿನ ಹನ್ನೊಂದರಿಂದ ಒಂದರವರೆಗೆ ಭಟ್ಟರನ್ನು ಬಿಡಬೇಕು, ಚಪಾತಿ ಲಟ್ಟಿಸಲು ನಾವು ಬರುತ್ತೇವೆ ಎಂದರು. ಮಾಲೀಕರು ಏನು ಹೇಳಿದರೆಂದು ಗೊತ್ತಿಲ್ಲ, ಗಂಗಾಬಾಯಿಯ ಮುಂದೆ ಅವರು ಏನು ಹೇಳಿಯಾರು? ಆಮೇಲೆ ಮನೆಮನೆಗೆ ಹೋಗಿ, ಭಟ್ಟರದು ಆಗುವವರೆಗೆ ಯಾರೂ ಗ್ಯಾಲರಿಯಲ್ಲಿ ಒಂದು ಅಗುಳು ಇಡಕೂಡದೆಂದು ತಾಕೀತು ಮಾಡಿದರು. ಒಬ್ಬಳು ಗೊಣಗಿದ್ದಕ್ಕೆ ಅವಳ ಇಡೀ ವಂಶಾವಳಿ ಬಿಚ್ಚಿದರಂತೆ.

ಹಾಗೆ ಆ ವರ್ಷ ಹನ್ನೊಂದೂವರೆಗೆ ಭಟ್ಟರು ಗಚ್ಚಿಯ ಮೇಲೆ ಪಿಂಡ ಇಟ್ಟರು. ಕೆಳಗೆ ಹೋಟೆಲಿನಲ್ಲಿ ಮೂವರು ಹೆಂಗಸರು ಚಪಾತಿ ಲಟ್ಟಿಸುತ್ತಿದ್ದರು. ಗ್ಯಾಲರಿಗಳಲ್ಲಿ ಎಲ್ಲರೂ ಎಲೆ ಹಿಡಿದುಕೊಂಡು, ಮೇಲೆ ನೋಡುತ್ತ, ಹಸಿದುಕೊಂಡು ನಿಂತಿದ್ದರು. ನಮ್ಮವರೂ ಪೇಪರಿಲ್ಲದೆ ನಿಂತಿದ್ದರು. ನಾನು ಭಟ್ಟರ ಹಿಂದಿದ್ದೆ. ಅವರು ಹಿಂದೆ ಸರಿದು ಕೈ ಮುಗಿಯುವಷ್ಟೂ ಪುರಸತ್ತು ಕೊಡದೆ ಅರಳಿಮರದಿಂದ ಒಂದು ಕಾಗೆ ನೇರ ಇಳಿದು, ಎಲೆಯ ಮೇಲೆ ಕಾಲಿಟ್ಟು, ಪಿಂಡವನ್ನು ಕುಕ್ಕಿತು.

ಭಟ್ಟರ ಎರಡು ಕೈಯೂ ಗಾಳಿಯಲ್ಲಿಯೇ ಉಳಿದವು. ನನ್ನ ಕಡೆ ತಿರುಗದೆಯೇ ಕೇಳಿದರು.

"ಅದೇ ಅಲ್ವಾ ಸುಶೀಲಮ್ಮ? ನಮ್ಮದೇ?"

ಕಾಗೆ ಇನ್ನೊಂದು ತುತ್ತು ಕಚ್ಚಿಕೊಂಡು, ಗಚ್ಚಿಯ ಗೋಡೆಗೆ ಹಾರಿ, ಬಿಸಿಲಿಗೆ ಮೈ ಒದರಿ ರೆಕ್ಕೆ ಬಿಚ್ಚಿತು. ನಾನು ಸರಿಯಾಗಿ ನೋಡಿದೆ.

"ಹೌದ್ರೀ ಭಟ್ರ, ಅದs" ಎಂದೆ.

ಎರಡೂ ರೆಕ್ಕೆ ಒಂದೇ ಸಮ ಇದ್ದವು.